ಗೇಟು ತೆರೆಯುವ ಮೊದಲು

ಪ್ರೀತಿಯ ಮಾರಾಯಾ,

ಮಂಗಳೂರಿನ ಜೆಪ್ಪುವಿನಲ್ಲಿ ಓಣಿಯವರಿಗಾಗಿ ಸರಿಮಾಡುತ್ತಿರುವ ಆ ಹಳೆ ಪಾಳು ತೋಟ ಎಲ್ಲಿಗೆ ಬಂತು ಅಂತ ನೀನು ಕೇಳಿದ್ದೆ. ಗೋಡೆ ನಿಂತಿತು. ಗೇಟಿಗೆ ಬಣ್ಣ ಒಂದೇ ಬಾಕಿ. ಎಲ್ಲರೂ ಓದುವಲ್ಲೇ ಬರೆಯುತ್ತಿದ್ದೇನೆ, ಹಳೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ ಇರುವವರು ನೋಡಲಿ ಅಂತ.

ತೋಟ ಅಂದರೆ ಗಿಡದ ಕೆಲಸ ಅಂದುಕೊಂಡಿದ್ದೆವು, ಅಲ್ವಾ? ಮುಕ್ಕಾಲು ಪಾಲು ಗೋಡೆಯದ್ದೇ. ಹಿಂದೆ ಯಾರೋ ಅದಕ್ಕೆ ಸಿಮೆಂಟ್ ಬಳಿದಿದ್ದರು. ಒಳಗೆ ಇಳಿದ ನೀರಿಗೆ ಆರಲು ದಾರಿಯಿಲ್ಲದೆ ಕಲ್ಲು ಹಿಟ್ಟಾಗಿತ್ತು. ಎಲ್ಲ ಕೆತ್ತಿ ತೆಗೆದು ಸುಣ್ಣದ ಗಾರೆ ಹಾಕಿದೆವು. ಮತ್ತೆ ನಮ್ಮ ಮಳೆ, ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ. ಮಣ್ಣಿನ ದರೆಯ ನೀರು ಗೋಡೆಯನ್ನು ಹಿಂದಿನಿಂದ ದೂಡುತ್ತದೆ. ಬುಡದಲ್ಲಿ ತೂತು ಬಿಡದಿದ್ದರೆ ಗೋಡೆ ಮಲಗುವುದೇ. ಇನ್ನು ಗೋಳಿ, ಅಂದರೆ ಆಲದ ಗಿಡ. ಹಕ್ಕಿ ಹಾಕಿದ ಬೀಜ ಸಂದಿಯಲ್ಲಿ ಹುಟ್ಟಿ ಬೇರು ಆಚೆಗೆ ದಾಟಿತ್ತು. ಕಡಿದರೆ ಮತ್ತೆ ಚಿಗುರುತ್ತದೆ, ಎಳೆದರೆ ಗೋಡೆಯೇ ಬರುತ್ತದೆ. ಅಷ್ಟು ಭಾಗದ ಕಲ್ಲು ಬಿಚ್ಚಿ, ಬೇರು ತೆಗೆದು, ಮೇಸ್ತ್ರಿ ಮತ್ತೆ ಕಟ್ಟಿದರು. ಎಂಥ ಕೈ ಅವರದ್ದು!

ಗೋಡೆಯ ತಲೆಗೆ ಹೊದಿಸಲು ಹಳೆ ಹಂಚು ಬೇಕಿತ್ತು. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಶುರುಮಾಡಿದ ಜೆಪ್ಪುವಿನಲ್ಲೇ ಹಂಚಿಗೆ ಅಲೆದೆವು. ಕಡೆಗೆ ಫ್ಲ್ಯಾಟ್ ಕಟ್ಟಲು ಕೆಡವುತ್ತಿದ್ದ ಒಂದು ಮನೆಯಿಂದ ಸಿಕ್ಕಿತು.

ಆ ಹಂಚು ಇಳಿಸುವಾಗ ನಮ್ಮ ಮನೆ ನೆನಪಾಯಿತು. ಪಾಲಾಗಿ, ಮಾರಿ ಆದ ಮೇಲೆ ನನ್ನದು ಅಂತ ಒಂದು ಹಿಡಿ ಮಣ್ಣಿಲ್ಲ. ಅಮ್ಮನ ಮಲ್ಲಿಗೆ ಗಿಡಗಳಿದ್ದಲ್ಲಿ ಈಗ ಯಾರದೋ ಕಾರು ನಿಲ್ಲುತ್ತದೆ. ಅಲ್ಲಿಂದ ಶುರುವಾಯಿತು ನೋಡು ಈ ಸಂಕಟ. ಮಳೆಗೆ ಮೊದಲು ಗೇಟು ತೆರೆಯಬೇಕು. ಶಾಲೆ ಮಕ್ಕಳಿಗೆ ಬಸಳೆ ಚಪ್ಪರ, ಓಣಿಯ ಹೆಂಗಸರಿಗೆ ಹರಿವೆ, ಅಲಸಂಡೆ ಸಾಲು, ರೆಂಜೆ ಮರದಡಿ ಹಿರಿಯರಿಗೆ ಕಟ್ಟೆ. ಎಲ್ಲರ ಹತ್ತಿರ ಮಾತಾಡಿ ಒಪ್ಪಿಸಿದವನು ನಾನೇ. ಈಗ ನನಗೇ ತೆರೆಯಲು ಮನಸ್ಸಿಲ್ಲ. ಸಂಜೆ ಕೆಲಸದವರು ಹೋದ ಮೇಲೆ ಒಳಗಿಂದ ಅಗುಳಿ ಹಾಕಿ ಸುಮ್ನೆ ಕೂರುತ್ತೇನೆ. ಇದು ನನ್ನದು ಅನ್ನಿಸುತ್ತದೆ. ಪಾಳು ಬಿದ್ದಿದ್ದಾಗ ಗೋಡೆಯ ಒಡಕಿನಿಂದ ಸೌದೆಗೆ ಬರುತ್ತಿದ್ದ ಅಕ್ಕ ಒಬ್ಬರು ಮೊನ್ನೆ ಗೇಟಿನಾಚೆ ನಿಂತು, "ಒಳಗೆ ಬರಬಹುದಾ?" ಅಂತ ಕೇಳಿದರು. ಮೊದಲು ಯಾರನ್ನೂ ಕೇಳದೆ ಬರುತ್ತಿದ್ದವರು. ಬನ್ನಿ ಅನ್ನಲು ನನಗೆ ಬಾಯಿ ಬರಲಿಲ್ಲ, ಮಾರಾಯಾ.

ಇಷ್ಟೆಲ್ಲ ಬರೆಯಲು ಕೂತದ್ದಲ್ಲ. ಇರಲಿ ಬಿಡು. ಗೇಟು ತೆರೆಯುವುದು ಖಂಡಿತ. ಬೀಗದ ಕೈ ಎದುರಿನ ಅಂಗಡಿಯಲ್ಲಿ ಇಡಬೇಕು ಅಂತ ನಾನೇ ಹೇಳಿಯಾಗಿದೆ. ನೀನು ಬಾ. ಕಾಟು ಮಾವು ಉದುರುತ್ತಿದೆ, ಗೊಜ್ಜು ತಿನ್ನಲು ಜನ ಸಾಲದು. ಮೂರನೇ ಬೆಂಚಿನವರಿಗೂ ಹೇಳು. ಆ ಹಸಿರು ಕೊಡೆ ಮಾತ್ರ ತರಬೇಡ.