ಬೇಸಿಗೆ ರಜೆಗೆ ಬೇಡ, ದಸರಾ ರಜೆಗೆ ಬನ್ನಿ

ಟೌನ್ಸ್‌ವಿಲ್, ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯಾ

ಅಕ್ಕನಿಗೂ ಭಾವನವರಿಗೂ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಬರುತ್ತೇವೆ, ಟೆಂಟ್ ಕಟ್ಟಿಕೊಂಡು ಕಡಲಂಚಿನಲ್ಲಿ ತಿರುಗೋಣ ಎಂದು ಬರೆದಿದ್ದೀರಿ. ಧಾರಾಳವಾಗಿ ಬನ್ನಿ. ಆದರೆ ಏಪ್ರಿಲ್ ರಜೆಗೆ ಟಿಕೆಟ್ ಮಾಡಬೇಡಿ. ಇಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. 2006ರ ಮಾರ್ಚಿನಲ್ಲಿ ಲ್ಯಾರಿ ಎಂಬ ಚಂಡಮಾರುತ ಇನ್ನಿಸ್‌ಫೇಲ್ ಊರನ್ನು ಜಖಂ ಮಾಡಿತು, 2011ರ ಫೆಬ್ರವರಿಯಲ್ಲಿ ಯಾಸಿ ಮಿಷನ್ ಬೀಚ್ ಬಳಿ ಅಪ್ಪಳಿಸಿತು, 2023ರ ಡಿಸೆಂಬರಿನಲ್ಲಿ ಜಾಸ್ಪರ್ ತಂದ ಮಳೆಗೆ ಡೇನ್‌ಟ್ರೀ ಕಡೆ ಗುಡ್ಡಗಳೇ ರಸ್ತೆಗೆ ಕುಸಿದವು. ದಸರಾ ಹೊತ್ತಿಗೆ ಮಳೆ ಕಡಿಮೆ, ಸೆಕೆಯೂ ತಡೆಯುವಷ್ಟಿರುತ್ತದೆ. ತೊಂದರೆ ಒಂದೇ, ಇಲ್ಲಿನ ಶಾಲೆಗಳಿಗೂ ಸೆಪ್ಟೆಂಬರ್ ಕೊನೆಯಿಂದ ಎರಡು ವಾರ ರಜೆ. ನ್ಯಾಷನಲ್ ಪಾರ್ಕಿನೊಳಗೆ ಟೆಂಟ್ ಹಾಕಲು ಮೊದಲೇ ಜಾಗ ಬುಕ್ ಮಾಡಿರಬೇಕು, ಹೋಗಿ ನಿಂತು ಕೇಳಿದರೆ ಸಿಗುವುದಿಲ್ಲ. ಹಾಗಾಗಿ ದಿನಾಂಕ ಬೇಗ ತಿಳಿಸಿ.

ದಾರಿ ಸುಲಭ. ಟೌನ್ಸ್‌ವಿಲ್‌ನಿಂದ ಬ್ರೂಸ್ ಹೈವೇ ಹಿಡಿದು ಇಂಗಮ್, ಕಾರ್ಡ್‌ವೆಲ್, ಟಲ್ಲಿ, ಇನ್ನಿಸ್‌ಫೇಲ್ ದಾಟಿದರೆ ಕೇರ್ನ್ಸ್. ಸುಮಾರು 350 ಕಿಲೋಮೀಟರ್, ಶಿವಮೊಗ್ಗದಿಂದ ಬೆಂಗಳೂರಿಗಿಂತ ಸ್ವಲ್ಪ ಹೆಚ್ಚು. ಅಲ್ಲಿಂದ ಕೇಪ್ ಟ್ರಿಬ್ಯುಲೇಶನ್ ಎಂಬ ಕಡಲಂಚಿನ ಜಾಗಕ್ಕೆ ಇನ್ನೊಂದು 140. ನಡುವೆ ಡೇನ್‌ಟ್ರೀ ನದಿಗೆ ಸೇತುವೆಯಿಲ್ಲ, ಸೇತುವೆ ಆಗುವ ಮೊದಲಿನ ಸಿಗಂದೂರಿನ ಲಾಂಚಿನಂತೆ ಕಾರನ್ನೇ ಹತ್ತಿಸಿಕೊಂಡು ಹೋಗುವ ದೋಣಿಯಿದೆ, ಇದನ್ನು ಎಳೆಯುವುದು ಉಕ್ಕಿನ ಹಗ್ಗ. ಹೊಳೆಯ ಆಚೆ ವಿದ್ಯುತ್ ಲೈನಿಲ್ಲ, ಬಹುತೇಕ ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಹೊಳೆಗಿಂತ ಮೊದಲು ಸಿಗುವ ಮಾಸ್‌ಮನ್ ಊರಿನಲ್ಲೇ ಪೆಟ್ರೋಲ್ ತುಂಬಿಸಿ, ಮ್ಯಾಪ್ ಇಳಿಸಿಕೊಂಡು ಹೊರಡಬೇಕು. ಕೇಪ್ ಟ್ರಿಬ್ಯುಲೇಶನ್‌ವರೆಗೆ ಡಾಂಬರು, ಅದರಾಚೆಯ ಬ್ಲೂಮ್‌ಫೀಲ್ಡ್ ದಾರಿ ಫೋರ್‌ವೀಲ್ ಡ್ರೈವ್ ಗಾಡಿಗೆ ಮಾತ್ರ. ಅದನ್ನು ಬಿಟ್ಟುಬಿಡೋಣ.

ಇಲ್ಲೂ ಎಡಗಡೆಯೇ ಗಾಡಿ ಓಡಿಸುವುದು, ಭಾವನವರಿಗೆ ಕಷ್ಟವಾಗದು. ಕತ್ತಲಾದ ಮೇಲೆ ಮಾತ್ರ ಬೇಡ. ಸಂಜೆ, ಮುಂಜಾವಿನಲ್ಲಿ ಸಣ್ಣ ಜಾತಿಯ ಕಾಂಗರೂ ಗಾಡಿಯೆದುರೇ ಹಾರುತ್ತವೆ. ಜೂನಿನಿಂದ ನವೆಂಬರ್‌ವರೆಗೆ ಕಬ್ಬು ಅರೆಯುವ ಕಾಲವಾದ್ದರಿಂದ ಕಬ್ಬಿನ ಪುಟ್ಟ ರೈಲುಗಳು ರಸ್ತೆಗೆ ಅಡ್ಡ ಬರುತ್ತವೆ. ಕೆಂಪು ದೀಪ ಮಿಣುಕಿದರೆ ನಿಲ್ಲಲೇಬೇಕು, ಡಬ್ಬಿಗಳ ಸಾಲು ಬಹಳ ಉದ್ದ. ದಾರಿಯಲ್ಲಿ ಟಲ್ಲಿ ಸಿಗುತ್ತದೆ, ನಮ್ಮ ಆಗುಂಬೆಯ ಬಳಗದ ಊರು. 1950ರಲ್ಲಿ ಅಲ್ಲಿ 7,900 ಮಿಲಿಮೀಟರ್ ಮಳೆ ಬಿದ್ದಿತ್ತು, ಅದರ ನೆನಪಿಗೆ 7.9 ಮೀಟರ್ ಎತ್ತರದ ಹೊನ್ನಬಣ್ಣದ ಗಂಬೂಟು ನಿಲ್ಲಿಸಿದ್ದಾರೆ. ಒಳಗೆ ಮೆಟ್ಟಿಲಿದೆ, ಮಕ್ಕಳು ಹತ್ತಲಿ.

ಮಳೆ, ಕಾಡು, ಉಂಬಳ ಇವೆಲ್ಲ ನಿಮಗೆ ಹೇಳಿಕೊಡುವಂಥದ್ದಲ್ಲ. ಹೊಸದಾಗಿ ಕಲಿಯಬೇಕಾದ್ದು ನೀರಿನ ವಿಷಯ. ತೀರ್ಥಹಳ್ಳಿಯಲ್ಲಿ ತುಂಗೆ ಕಂಡರೆ ಇಳಿದು ಕೈಕಾಲು ತೊಳೆಯುವ ಅಭ್ಯಾಸ ಇಲ್ಲಿ ನಡೆಯದು. ಉಪ್ಪುನೀರಿನ ಮೊಸಳೆ ಹೊಳೆಯಲ್ಲೂ ಅಳಿವೆಯಲ್ಲೂ ಇರುತ್ತದೆ, ಕಡಲ ದಂಡೆಗೂ ಬರುತ್ತದೆ. ಸೆಪ್ಟೆಂಬರಿನಿಂದ ಅದರ ಓಡಾಟ ಹೆಚ್ಚು. ಅಂಚಿನಿಂದ ಕನಿಷ್ಠ 5 ಮೀಟರ್ ದೂರ ನಿಲ್ಲಬೇಕು. ಟೆಂಟ್ ನೀರಿನಿಂದ 50 ಮೀಟರ್ ಆಚೆ, ಉಬ್ಬರದ ಗುರುತಿಗಿಂತ 2 ಮೀಟರ್ ಎತ್ತರದಲ್ಲಿರಬೇಕು. ಅಮ್ಮನಿಗೆ ಮುಖ್ಯವಾಗಿ ಹೇಳಿ: ಪಾತ್ರೆ ತೊಳೆಯಲು ದಿನಾ ಒಂದೇ ಜಾಗಕ್ಕೆ ಹೋಗಿ ಕೂರುವುದನ್ನೇ ಮೊಸಳೆ ಗಮನಿಸಿಕೊಳ್ಳುತ್ತದೆ. ಪಾತ್ರೆ ಟೆಂಟಿನ ಹತ್ತಿರ ಬಕೆಟ್ಟಿನಲ್ಲೇ ತೊಳೆಯೋಣ, ಮುಸುರೆಯನ್ನು ದಂಡೆಗೆ ಚೆಲ್ಲುವುದು ಬೇಡ.

ಇನ್ನೊಂದು ಜೆಲ್ಲಿ ಮೀನು. ಅದರ ಕಾಟ ನವೆಂಬರಿನಿಂದ ಮೇ ತನಕ ಜೋರು, ನೀವು ಬರುವ ಹೊತ್ತಿಗೆ ಇನ್ನೂ ಶುರುವಾಗಿರುವುದಿಲ್ಲ. ಆದರೂ ಇರುಕಾಂಜಿ ಎಂಬ ಜಾತಿ ಉಗುರಿನಷ್ಟೇ ದೊಡ್ಡದು, ಈಜುವವರಿಗಾಗಿ ಕಟ್ಟಿದ ಬಲೆಯಲ್ಲೂ ನುಸುಳುತ್ತದೆ. ಮೈತುಂಬ ಮುಚ್ಚುವ ಈಜುಡುಪು ಹಾಕಿಸೋಣ. ಕುಟುಕಿದರೆ ಉಜ್ಜಬಾರದು, ಸಿಹಿನೀರು ಹಾಕಬಾರದು. ವಿನೆಗರನ್ನು 30 ಸೆಕೆಂಡಾದರೂ ಸುರಿದು ತುರ್ತು ಸಂಖ್ಯೆ 000ಕ್ಕೆ ಫೋನ್ ಮಾಡಬೇಕು. ಅನೇಕ ದಂಡೆಗಳಲ್ಲಿ ಕಂಬಕ್ಕೇ ವಿನೆಗರ್ ಬಾಟಲಿ ಸಿಕ್ಕಿಸಿರುತ್ತಾರೆ. ಈಜು ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ. ಮಕ್ಕಳಿಗೆ ಎಲ್ಲಕ್ಕಿಂತ ಒಳ್ಳೆಯದು ಕೇರ್ನ್ಸ್ ದಡದಲ್ಲಿ ಕಟ್ಟಿರುವ ಉಪ್ಪುನೀರಿನ ಕೊಳ. ದುಡ್ಡು ಕೊಡಬೇಕಿಲ್ಲ, ಕಾವಲಿಗೆ ಜನ ಇರುತ್ತಾರೆ.

ಕಾಡಿನಲ್ಲಿ ಒಂದು ಗಿಡವನ್ನು ಗುರುತಿಟ್ಟುಕೊಳ್ಳಿ, ಗಿಂಪಿ ಗಿಂಪಿ. ನಮ್ಮ ತುರಚೆಯ ದೂರದ ನೆಂಟ, ಆದರೆ ನೋವು ತಿಂಗಳುಗಟ್ಟಲೆ ಮರುಕಳಿಸಬಹುದು. ಹೃದಯದ ಆಕಾರದ ಅಗಲ ಎಲೆ, ಅಂಚಿಗೆ ಹಲ್ಲು, ದಾರಿಯ ಪಕ್ಕ ಬಿಸಿಲು ಬೀಳುವಲ್ಲಿ ಬೆಳೆಯುತ್ತದೆ. ತಾಗಿದರೆ ತಿಕ್ಕಬಾರದು, ಕೂದಲು ಕೀಳುವ ವ್ಯಾಕ್ಸ್ ಪಟ್ಟಿ ಅಂಟಿಸಿ ಮುಳ್ಳುಗಳನ್ನು ಎಳೆದು ತೆಗೆಯಬೇಕು. ಎಟ್ಟಿ ಬೇ ದಂಡೆಯಲ್ಲಿ ಕ್ಯಾಸೊವರಿ ಎಂಬ ಹಾರಲಾರದ ದೊಡ್ಡ ಹಕ್ಕಿ ಜನರ ನಡುವೆಯೇ ಓಡಾಡುತ್ತದೆ. ತಿನ್ನಲು ಕೊಡುವುದು ಅಪರಾಧ. ಹತ್ತಿರ ಬಂದರೆ ಓಡದೆ, ಬ್ಯಾಗನ್ನು ಎದುರಿಗೆ ಹಿಡಿದು ಮೆಲ್ಲಗೆ ಹಿಂದೆ ಸರಿಯಬೇಕು.

ಇನ್ನು ಟೆಂಟ್. ಭಾವನವರಿಗೆ ಅಂಗಳದ ಚಪ್ಪರ ಹಾಕಿ ರೂಢಿಯಿದೆ, ಆದರೆ ಮರಳು ಗೂಟ ಹಿಡಿಯುವುದಿಲ್ಲ. ಟೆಂಟಿನ ಜೊತೆ ಬರುವ ತಂತಿ ಗೂಟ ದಂಡೆಯಲ್ಲಿ ಕೆಲಸಕ್ಕೆ ಬಾರದು. 40 ಸೆಂಟಿಮೀಟರಿನ, ಅಗಲ ಪಟ್ಟಿಯ ಗೂಟ ಬೇಕು, ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆಯಬೇಕು. ಅದೂ ನಿಲ್ಲದಿದ್ದರೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂತು ಮೇಲೆ ತುಳಿಯಬೇಕು. ನೈಲಾನ್ ಹಗ್ಗ ಒದ್ದೆಯಾದರೆ ಸಡಿಲವಾಗುತ್ತದೆ, ಮಲಗುವ ಮೊದಲು ಒಮ್ಮೆ ಬಿಗಿ ಮಾಡಲೇಬೇಕು. ಗಾಳಿ ಹೆಚ್ಚಾಗಿ ಆಗ್ನೇಯದಿಂದ, ಆದ್ದರಿಂದ ಬಾಗಿಲು ವಾಯವ್ಯಕ್ಕಿರಲಿ. ತೆಂಗಿನ ಮರದಡಿ ಬೇಡವೆಂದು ನಿಮಗೆ ಹೇಳಬೇಕಿಲ್ಲ. ಹಳೆಯ ನೀಲಗಿರಿಯೂ ಬೇಡ, ಗಾಳಿಯೇ ಇಲ್ಲದಾಗಲೂ ಕೊಂಬೆ ಕಳಚಿ ಬೀಳುತ್ತದೆ.

ನೆಲಕ್ಕೆ ಹಾಸುವ ಟಾರ್ಪಾಲು ಟೆಂಟಿನ ಅಂಚಿಗಿಂತ ನಾಲ್ಕು ಬೆರಳು ಒಳಗೇ ಇರಲಿ. ಹೊರಗೆ ಚಾಚಿಕೊಂಡರೆ ಮೇಲಿಂದ ಇಳಿದ ನೀರೆಲ್ಲ ಅದರ ಮೇಲೆ ನಿಂತು, ಹಾಸಿಗೆಯಡಿಗೇ ಹರಿಯುತ್ತದೆ. ಸೊಳ್ಳೆಗೆ ಹೆದರಿ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದರೆ ಬೆಳಿಗ್ಗೆ ಒಳಗೆ ಹನಿ ತೊಟ್ಟಿಕ್ಕುತ್ತದೆ. ಅದು ಸೋರಿಕೆಯಲ್ಲ, ಮಲಗಿದವರ ಉಸಿರಿನ ತೇವ. ಬಲೆ ಎಳೆದು, ಬಟ್ಟೆಯ ಕಿಂಡಿ ತೆರೆದಿಡಬೇಕು. ಅಮ್ಮನಿಗೆ ನೆಲದಿಂದ ಏಳುವುದು ಕಷ್ಟ, ಮಡಚುವ ಮಂಚ ಇಡುತ್ತೇನೆ. ಅದರ ಕಾಲು ಟೆಂಟಿನ ನೆಲವನ್ನು ತೂತು ಮಾಡದಂತೆ ಅಡಿಗೆ ಹಲಗೆ ತುಂಡು ಕೊಡಬೇಕು.

ಅಡುಗೆಗೆ ಪೆಟ್ಟಿಗೆಯಂಥ ಒಂದು ಬರ್ನರಿನ ಒಲೆ ಮತ್ತು 3 ಲೀಟರ್ ಕುಕ್ಕರ್. 220 ಗ್ರಾಂ ಗ್ಯಾಸ್ ಡಬ್ಬಿ ದೊಡ್ಡ ಉರಿಯಲ್ಲಿ ಒಂದೂವರೆ ಗಂಟೆ ಬರುತ್ತದೆ, ಆರು ಜನಕ್ಕೆ ದಿನಕ್ಕೆ ಎರಡು ಡಬ್ಬಿ ಹಿಡಿಯೋಣ. ಅಕ್ಕ, ನಿನ್ನ ಅಗಲದ ದೋಸೆ ಕಾವಲಿ ತರಬೇಡ. ಈ ಒಲೆಯಲ್ಲಿ ಡಬ್ಬಿ ಪಕ್ಕದಲ್ಲೇ ಕೂರುತ್ತದೆ. ಕಾವಲಿ ಅದರ ಮೇಲಕ್ಕೆ ಚಾಚಿದರೆ ಡಬ್ಬಿ ಕಾದು ಸಿಡಿಯಬಹುದು. ಮಳೆ ಬಂದರೂ ಟೆಂಟಿನೊಳಗೆ ಒಲೆ ಹಚ್ಚುವಂತಿಲ್ಲ, ವಿಷಗಾಳಿ ತುಂಬುತ್ತದೆ. ಕುಡಿಯಲು, ಬೇಯಿಸಲು ತಲೆಗೆ ದಿನಕ್ಕೆ 5 ಲೀಟರ್ ನೀರು ಲೆಕ್ಕ. ಕ್ಯಾಂಪಿನ ನಲ್ಲಿಯದಾದರೆ ಕುದಿಸಿಯೇ ಕುಡಿಯಬೇಕು.

ಅಲ್ಲಿಂದ ಅಡಿಕೆ ತರಬೇಡಿ, ಇಲ್ಲಿ ಒಳಗೆ ಬಿಡುವುದಿಲ್ಲ. ಹಾಲಿನ ಸಿಹಿ, ಕರಿಬೇವು, ಬೀಜ ಇವೂ ಬೇಡ. ಬೇರೆ ಯಾವ ತಿಂಡಿ ತಂದರೂ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಬರೆಯಿರಿ. ಬರೆದರೆ ಹೆಚ್ಚೆಂದರೆ ಅದನ್ನು ಇಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದೊಡ್ಡ ದಂಡ. ಅಮ್ಮನ ಮಾತ್ರೆಗಳು ಮೂರು ತಿಂಗಳಿಗಿಂತ ಹೆಚ್ಚಿರದಿರಲಿ, ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿರಲಿ.

ಪುಟ್ಟಿಗೆ ಏಳು ತುಂಬಿಲ್ಲವಲ್ಲ, ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಅವಳ ಎತ್ತರ ಅಳೆದು ತಿಳಿಸಿ, ಸೀಟನ್ನು ಇಲ್ಲೇ ಬಾಡಿಗೆಗೆ ತೆಗೆದಿಡುತ್ತೇನೆ.

ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿಮ್ಮ ತಮ್ಮ