ಪಡುಗೋಡೆಯ ವಿಷಯವಾಗಿ ಮಗಳಿಗೆ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ನಿನ್ನ ಮಾತು ಮುಗಿಯುವ ಮೊದಲೇ ನಾನು ಫೋನ್ ಇಟ್ಟುಬಿಟ್ಟದ್ದು ಸರಿಯಲ್ಲ. ಅದಕ್ಕೂ ಮೊದಲು ಆಡಿದ ಮಾತನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ಫೋನಿನಲ್ಲಿ ನನಗೆ ವಿಷಯಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಆದ್ದರಿಂದ ಕಾಗದದಲ್ಲಿ ಬರೆದು, ನಿನ್ನ ತಮ್ಮನ ಕೈಯಿಂದ ಫೋಟೋ ತೆಗೆಸಿ ಕಳುಹಿಸುತ್ತಿದ್ದೇನೆ. ಸೋಮವಾರ ಗುತ್ತಿಗೆದಾರನ ಆಳುಗಳು ಬರುವ ಮೊದಲು ಇದನ್ನು ಪೂರ್ತಿ ಓದು.

ನಮ್ಮ ಮನೆಯ ದುರಸ್ತಿಗೆಂದು ನೀನು ಕಳುಹಿಸಿದ ಅಂದಾಜುಪಟ್ಟಿಯನ್ನು ಬೆಳಿಗ್ಗೆ ಟೇಪು ಹಿಡಿದು ನೋಡಿದೆ. ನೀನು ವಿಷುವಿಗೆ ಬಂದಾಗ ತೆಗೆದುಕೊಂಡು ಹೋದ ಅಳತೆಗಳು ಎಲ್ಲಿಯೂ ತಪ್ಪಿಲ್ಲ, ಕಿಟಕಿ ಬಾಗಿಲುಗಳ ಜಾಗವನ್ನು ಕಳೆದು ಲೆಕ್ಕ ಹಾಕಿರುವೆ. ನಾನು ಕೆಲಸ ಮಾಡಿದ ಕಾಲದಲ್ಲಿ ಅದನ್ನು ಕಳೆಯುವ ಗುತ್ತಿಗೆದಾರರು ಬಹಳ ಕಡಿಮೆ, ಕಳೆಯದೆ ಇರುವುದರಲ್ಲಿಯೇ ಅವರ ಲಾಭವಿತ್ತು. ಕರಣೆ ಹಿಡಿದವನ ಮಗಳು ನಕ್ಷೆಗೆ ಸಹಿ ಹಾಕುವವಳಾದಳು ಎಂದು ನಿನ್ನ ಅಮ್ಮ ನೆರೆಯವರ ಮುಂದೆ ಹೇಳುವಾಗ ನಾನು ಸುಮ್ಮನೆ ಕೂತಿರುತ್ತೇನೆ, ಆದರೆ ಅವಳು ನಿಲ್ಲಿಸಲಿ ಎಂದು ನನಗೂ ಅನ್ನಿಸುವುದಿಲ್ಲ.

ಆದರೆ ಆ ಪಟ್ಟಿಯಲ್ಲಿ ಎರಡು ಕೆಲಸಗಳಿವೆ, ಅವೆರಡನ್ನೂ ನಾನು ಒಪ್ಪಲಾರೆ. ಒಂದು, ಹೊರಗೋಡೆಗೆ ಒಂದಕ್ಕೆ ನಾಲ್ಕರ, ಎಂದರೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ, ಸಾರಣೆ, ಅದರ ಮೇಲೆ ಪುಟ್ಟಿ ಮತ್ತು ಪ್ಲಾಸ್ಟಿಕ್ ಬಣ್ಣ. ಇನ್ನೊಂದು, ಅಂಗಳವನ್ನು ಎತ್ತರಿಸಿ ಗೋಡೆಯ ಬುಡದ ವರೆಗೂ ಇಂಟರ್‌ಲಾಕ್ ಕಲ್ಲು ಹಾಸುವುದು.

ಸೀತಾಂಗೋಳಿಯ ಕಡೆಯ ಒಂದು ಹಳೆಯ ಮನೆಗೆ ನನ್ನನ್ನು ಕರೆದಿದ್ದರು. ನೀನಾಗ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ನಮ್ಮ ಮನೆಯಂತೆಯೇ ಮುರಕಲ್ಲು (ಜಂಬಿಟ್ಟಿಗೆ), ಸಂದಿನಲ್ಲಿ ಚಿಪ್ಪಿನ ಸುಣ್ಣದ ಗಾರೆ, ಮೇಲೆ ಹಂಚಿನ ಮಾಡು. ಕೆಲವು ಮಳೆಗಾಲಗಳ ಹಿಂದೆ ಯಾರೋ ಅದರ ಪಡುಗೋಡೆಗೆ ಚೆನ್ನಾಗಿ ಸಿಮೆಂಟು ಸಾರಿಸಿ ಬಣ್ಣ ಬಳಿದಿದ್ದರು. ನೋಡಿದರೆ ಒಂದು ಕಲೆಯೂ ಇಲ್ಲ. ಒಳಗಿನ ಕೋಣೆಯಲ್ಲಿ ಮುಗ್ಗಲು ವಾಸನೆ ಎಂಬುದಷ್ಟೇ ಮನೆಯವರ ದೂರು. ಗೋಡೆಯನ್ನು ಕರಣೆಯ ಹಿಡಿಯಿಂದ ತಟ್ಟಿದಾಗ ಸೊಂಟದೆತ್ತರದ ವರೆಗೆ ಟೊಳ್ಳು ಸದ್ದು ಬಂತು. ಒಂದು ಕಡೆ ಸಾರಣೆಯನ್ನು ಉಳಿಯಿಂದ ಎಬ್ಬಿಸಿದೆ, ಅದು ಗಟ್ಟಿ ಹಲಗೆಯಾಗಿ ಕಳಚಿ ಬಂತು, ಅದರ ಹಿಂದಿನಿಂದ ಕೆಂಪು ಕೆಸರು ಇಳಿಯಿತು. ಕಲ್ಲನ್ನು ಬೆರಳಿನಿಂದ ತೋಡಬಹುದಾಗಿತ್ತು.

ಯಾಕೆ ಹಾಗಾಯಿತು ಎಂಬುದು ನಿನಗೆ ತಿಳಿಯದ ವಿಷಯವಲ್ಲ, ಆದರೂ ಬರೆಯುತ್ತೇನೆ. ಸಿಮೆಂಟು ಗಟ್ಟಿಯಾದಷ್ಟೂ ಸಣ್ಣ ಕೂದಲೆಳೆಯ ಬಿರುಕು ಬಿಡದೆ ಇರುವುದಿಲ್ಲ. ಮಳೆಯ ನೀರು ಆ ಬಿರುಕಿನಿಂದ ಒಳಗೆ ಹೋಗುತ್ತದೆ, ನೆಲದ ತೇವ ಬುಡದಿಂದ ಮೇಲೇರುತ್ತದೆ. ಸುಣ್ಣದ ಸಂದು ಇದ್ದರೆ ಆ ನೀರು ಬಿಸಿಲು ಬಂದಾಗ ಆವಿಯಾಗಿ ಹೊರಗೆ ಹೋಗುತ್ತಿತ್ತು. ಸಿಮೆಂಟು, ಪುಟ್ಟಿ, ಪ್ಲಾಸ್ಟಿಕ್ ಬಣ್ಣ ಮೂರೂ ಸೇರಿ ಆ ದಾರಿಯನ್ನು ಮುಚ್ಚುತ್ತವೆ. ಒದ್ದೆಯ ಜೊತೆಗೆ ಉಪ್ಪೂ ಒಳಗೆ ಉಳಿಯುತ್ತದೆ, ಅದು ಹರಳುಗಟ್ಟುವಾಗ ಕಲ್ಲಿನ ಮೈಯನ್ನು ಒಳಗಿನಿಂದಲೇ ಉದುರಿಸುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಗಾಳಿ ಪಡುವಣದಿಂದ ಬೀಸುತ್ತದೆ. ಗೋಡೆ ಒದ್ದೆಯಾಗುವುದನ್ನು ಇಲ್ಲಿ ಯಾರೂ ತಡೆಯಲಾರರು. ಆರಲು ಬಿಡಬೇಕಷ್ಟೆ.

ಕಾಲೇಜಿನ ದಿನಗಳಲ್ಲಿ ನೀನೇ ನನಗೆ ಓದಿ ಹೇಳಿದ್ದೆ: ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, ನೆಲದೊಳಗೆ ಇರುವಾಗ ಕಬ್ಬಿಣದ ಯಾವ ಆಯುಧದಿಂದಲೂ ಸುಲಭವಾಗಿ ಕಡಿಯಬಹುದಾದ ಇದು ಗಾಳಿ ತಗುಲಿದ ಮೇಲೆ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ ಎಂದು 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ ಎಂದು. ನಾವು ಕೋರೆಯಲ್ಲಿ ದಿನವೂ ಕಂಡದ್ದನ್ನು ಒಬ್ಬ ಪರದೇಶಿ ಬರೆದಿಟ್ಟಿದ್ದಾನೆ ಎಂದು ನಾನು ನಕ್ಕಿದ್ದೆ. ಗಾಳಿಯಿಂದ ಗಟ್ಟಿಯಾದ ಕಲ್ಲಿಗೆ ಗಾಳಿಯನ್ನೇ ತಪ್ಪಿಸುವುದು ಯಾವ ಜಾಣತನ, ಹೇಳು. ಕೆಳದಿಯ ಶಿವಪ್ಪ ನಾಯಕನ ಕಾಲದ ಬೇಕಲದ ಕೋಟೆ ಕಡಲಿನ ಬದಿಯಲ್ಲಿ ಇದೇ ಕಲ್ಲಿನಿಂದ ನಿಂತಿದೆ, ಅದರ ಗೋಡೆಗಳ ಮೈ ಇವತ್ತಿಗೂ ತೆರೆದೇ ಇದೆ.

ಸಿಮೆಂಟು ಹೆಚ್ಚು ಬಲವಾದದ್ದು ಎಂದು ನೀನು ಮತ್ತೆ ಮತ್ತೆ ಹೇಳಿದೆ. ಬಲದ ಲೆಕ್ಕವನ್ನೇ ನೋಡೋಣ. ಮುರಕಲ್ಲಿಗೆ ಭಾರತೀಯ ಮಾನಕ ಕೇಳುವ ಕನಿಷ್ಠ ಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್. ಒಂದಕ್ಕೆ ನಾಲ್ಕರ ಸಿಮೆಂಟು ಗಾರೆಯ ಬಲ ಅದರ ಎರಡರಷ್ಟಾದರೂ ಬರುತ್ತದೆ. ಗೋಡೆ ಬಿಸಿಲಿಗೂ ತೇವಕ್ಕೂ ಅಲುಗುತ್ತಲೇ ಇರುತ್ತದೆ. ಗಾರೆ ಮೆತ್ತಗಿದ್ದರೆ ಆ ಅಲುಗಾಟವನ್ನು ಸಂದು ನುಂಗುತ್ತದೆ, ಸಂದು ಹಾಳಾದರೆ ಕೆರೆದು ಮತ್ತೆ ತುಂಬಬಹುದು. ಗಾರೆಯೇ ಕಲ್ಲಿಗಿಂತ ಗಟ್ಟಿಯಾದರೆ ಒಡೆಯುವುದು ಕಲ್ಲು, ಹಳೆಯ ಗೋಡೆಯ ನಡುವಿನಿಂದ ಕಲ್ಲು ಬದಲಾಯಿಸುವುದು ಎಂಥ ಕೆಲಸವೆಂದು ನನಗೆ ಗೊತ್ತು. ನಾನು ಸಿಮೆಂಟಿನ ವೈರಿಯಲ್ಲ. ಹೊಸ ಮನೆಗಳ ಗೋಡೆಯನ್ನು ಒಂದಕ್ಕೆ ಆರರ ಸಿಮೆಂಟಿನಲ್ಲಿಯೇ ಕಟ್ಟಿದ್ದೇನೆ, ಆ ಕೂಲಿಯಿಂದಲೇ ನೀನು ಓದಿದ್ದು. ಇದನ್ನು ಹಂಗಿಸಲು ಬರೆದದ್ದಲ್ಲ.

ಮತ್ತೆ ಆ ಮನೆಗೇ ಬರುತ್ತೇನೆ. ಅಂದು ನನ್ನನ್ನು ಹೆದರಿಸಿದ್ದು ಕೆಸರಲ್ಲ, ಆ ಗೋಡೆಯ ಮೇಲೆ ಕೂತಿದ್ದ ಮಾಡು. ಪಕ್ಕಾಸುಗಳ ಭಾರವೆಲ್ಲ ಆ ಪಡುಗೋಡೆಯ ಮೇಲೆಯೇ ಇತ್ತು, ಅದರ ಒಳಬದಿಯಲ್ಲಿ ಗೋಡೆಗೆ ಒತ್ತಿ ಮಂಚ ಹಾಕಿದ್ದರು, ಮಂಚದ ಮೇಲೆ ಮನೆಯ ಅಜ್ಜಿ ಮಲಗಿದ್ದರು. ಮಂಚವನ್ನು ಬೇರೆ ಕೋಣೆಗೆ ಸರಿಸಿ, ಮಾಡಿಗೆ ಊತಗೋಲು ಕೊಟ್ಟು, ಮೆತ್ತಗಾದ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ ಹೊಸದನ್ನು ಕೂರಿಸುವ ವರೆಗೆ ನನಗೆ ನಿದ್ದೆ ಬರಲಿಲ್ಲ. ಗೋಡೆ ಬೀಳಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ಹೊರಗಿನಿಂದ ಆ ಗೋಡೆ ಎಷ್ಟು ಚೆಂದವಿತ್ತು ಎಂಬುದನ್ನು ನಾನು ಮರೆಯಲಾರೆ. ತೆರೆದ ಗೋಡೆಯಲ್ಲಿ ಕಲ್ಲು ಉದುರಿದರೆ ಅಂಗಳದಲ್ಲಿ ಕೆಂಪು ಹುಡಿ ಬಿದ್ದು ಮೊದಲೇ ಹೇಳುತ್ತದೆ. ನಮ್ಮ ಮನೆಯ ಪಡುಗೋಡೆಯ ಒಳಬದಿಯಲ್ಲಿ ನಿನ್ನ ಅಮ್ಮನ ಮಂಚವಿದೆ. ನಾನಿಲ್ಲದ ಕಾಲಕ್ಕೆ ಆ ಗೋಡೆಯನ್ನು ತಟ್ಟಿ ನೋಡುವವರು ಯಾರು ಎಂಬ ಯೋಚನೆ ನಿನ್ನೆ ನೀನು ಮಾತನಾಡುತ್ತಿದ್ದಾಗಲೇ ಬಂದದ್ದು. ಅದನ್ನು ಹೇಳುವ ಬದಲು ಬೈದೆ.

ಇನ್ನು ಅಂಗಳದ ವಿಷಯ. ನಮ್ಮ ಹಿರಿಯರು ಪಂಚಾಂಗವನ್ನು, ಎಂದರೆ ಗೋಡೆ ಕೂರುವ ಅಡಿಕಟ್ಟನ್ನು, ನೆಲದಿಂದ ಎತ್ತರಕ್ಕೆ ಕಟ್ಟಿದ್ದು ಠೀವಿಗಾಗಿ ಅಲ್ಲ. ಮಾಡಿನ ನೀರು ನೆಲಕ್ಕೆ ಬಿದ್ದು ಸಿಡಿದರೂ ಗೋಡೆಯ ಕಲ್ಲಿಗೆ ತಾಗಬಾರದು ಎಂಬುದು ಲೆಕ್ಕ. ಇಂಟರ್‌ಲಾಕ್ ಹಾಸಲು ಮಣ್ಣು ತುಂಬಿಸಿದರೆ ಪಂಚಾಂಗದ ಅರ್ಧ ಹೂತುಹೋಗುತ್ತದೆ. ಹಾಸಲೇಬೇಕಾದರೆ ನೆಲವನ್ನು ಎತ್ತರಿಸದೆ, ಗೋಡೆಯಿಂದ ಎರಡಡಿ ಬಿಟ್ಟು, ನೀರು ಮನೆಯಿಂದ ಹೊರಕ್ಕೆ ಹರಿಯುವ ಹಾಗೆ ಇಳಿಜಾರು ಕೊಟ್ಟು ಹಾಸಲಿ. ಬಿಟ್ಟ ಎರಡಡಿಯಲ್ಲಿ ಜಲ್ಲಿ ತುಂಬಿದ ಚರಂಡಿ ಇರಲಿ.

ಗೋಡೆಗೆ ಬೇಕಾದದ್ದು ಇಷ್ಟು, ಉಪದೇಶವೆಂದು ಅನ್ನಿಸಿದರೆ ಅನ್ನಿಸಲಿ. ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ದಿನದ ಮೊದಲೇ ಒಡೆದ ಹಂಚುಗಳನ್ನು ಬದಲಿಸಿ ಮೂಲೆಯ ತರಗೆಲೆ ತೆಗೆಯಬೇಕು, ಏಕೆಂದರೆ ಮಾಡು ಸೋರಿದ ಮೇಲೆ ಗೋಡೆಗೆ ಏನು ಮಾಡಿಯೂ ಪ್ರಯೋಜನವಿಲ್ಲ. ಸಂದಿನಲ್ಲಿ ಅಶ್ವತ್ಥದ ಸಸಿ ಕಂಡರೆ ಎರಡೆಲೆ ಇರುವಾಗಲೇ ಕೀಳಬೇಕು. ಗಾರೆ ಉದುರಿದ ಸಂದನ್ನು ಒಂದಂಗುಲ ಆಳಕ್ಕೆ ಕೈಯಿಂದಲೇ ಕೆರೆಯಬೇಕು. ಗ್ರೈಂಡರ್ ತಂದವನನ್ನು ಗೇಟಿನಿಂದಲೇ ಹಿಂದೆ ಕಳುಹಿಸು, ಅದು ಕಲ್ಲಿನ ಅಂಚನ್ನು ತಿನ್ನುತ್ತದೆ. ಹುಡಿಯನ್ನು ತೊಳೆದು, ಕಲ್ಲನ್ನು ನೆನೆಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಹೊಳೆಮರಳು ಬೆರೆಸಿದ ಗಾರೆಯನ್ನು ಒತ್ತಿ ತುಂಬಬೇಕು. ಉಪ್ಪಿರುವ ಕಡಲ ಮರಳು ಬೇಡ. ಸುಣ್ಣ ಸಿಮೆಂಟಿನ ಹಾಗೆ ರಾತ್ರಿ ಬೆಳಗಾಗುವುದರೊಳಗೆ ಗಟ್ಟಿಯಾಗುವುದಿಲ್ಲ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದಕ್ಕೇ ಬಿಸಿಲು ನೇರವಾಗಿ ಬೀಳದ ಹಾಗೆ ಒದ್ದೆ ಗೋಣಿ ಇಳಿಬಿಟ್ಟು ಒಂದು ವಾರವಾದರೂ ತಂಪು ಕಾಯಬೇಕು. ಸುಟ್ಟ ಸುಣ್ಣಕ್ಕೆ ನೀರು ಹಾಕುವಾಗ ನೀನು ಹತ್ತಿರ ನಿಲ್ಲಬೇಡ, ಅದು ಕೊತಕೊತ ಕುದಿದು ಕಣ್ಣಿಗೆ ಸಿಡಿಯುತ್ತದೆ, ನಿಲ್ಲಲೇಬೇಕಾದರೆ ಕನ್ನಡಕ ಹಾಕಿಕೋ. ಬೆಲ್ಲದ ನೀರು ಎಷ್ಟು ಹಾಕಬೇಕೆಂಬ ವಿಷಯದಲ್ಲಿ ಪ್ರತಿಯೊಬ್ಬ ಮೇಸ್ತ್ರಿಗೂ ಒಂದೊಂದು ಮತವಿದೆ, ನನ್ನದನ್ನು ನೀನು ಬಂದಾಗ ಹೇಳುತ್ತೇನೆ.

ನಿನ್ನ ಉಳಿತಾಯದ ದುಡ್ಡಿನಿಂದ ಈ ಕೆಲಸ ಮಾಡಿಸಲು ಹೊರಟಿದ್ದೀ ಎಂಬುದು ನನಗೆ ಗೊತ್ತು. ನಾವು ಕೇಳದೆಯೇ ನೀನು ಈ ಮನೆಯ ಗೋಡೆಯನ್ನು ನೆನೆದೆಯಲ್ಲ, ಅದನ್ನು ನಿನ್ನೆ ಒಂದು ಮಾತಿನಲ್ಲಿಯಾದರೂ ಹೇಳಬೇಕಾಗಿತ್ತು.

ಗುತ್ತಿಗೆದಾರನಿಗೆ ಕೊಟ್ಟ ಮುಂಗಡವನ್ನು ಹಿಂದೆ ಕೇಳುವುದು ಬೇಡ, ಅವನಿಗೆ ಬೇರೆ ಕೆಲಸ ಕೊಡಬಹುದು. ಬಚ್ಚಲಿನ ಕಡೆಗೆ ಸಿಮೆಂಟು ಇಟ್ಟಿಗೆಯಿಂದ ಸೇರಿಸಿದ ಹೊಸ ಗೋಡೆ ಹಾಗೆಯೇ ಬಿದ್ದಿದೆ, ಅದಕ್ಕೆ ಸಿಮೆಂಟು ಸಾರಣೆಯೇ ಸರಿ, ಒಂದಕ್ಕೆ ಆರು ಸಾಕು. ಬಾವಿಯ ಕಟ್ಟೆಗೂ ಅವನ ಕೈ ಆಗಬೇಕಾಗಿದೆ. ನಾಳೆ ಸಂಜೆಯೊಳಗೆ ನೀನೇ ಅವನಿಗೆ ಫೋನ್ ಮಾಡಿ ಹೇಳು, ನಾನು ಹೇಳಿದರೆ ಅವನು ಮುದುಕನ ಹಟ ಎಂದುಕೊಂಡಾನು. ಅಂದಾಜುಪಟ್ಟಿಯನ್ನು ಸುಣ್ಣ, ಮರಳು ಮತ್ತು ಸಂದಿನ ಉದ್ದದ ಲೆಕ್ಕದಲ್ಲಿ ಮತ್ತೊಮ್ಮೆ ಮಾಡಿ ಕಳುಹಿಸು. ಈ ಸಲ ಪಡುಗೋಡೆಯ ಕೆಳಗಿನ ಮೂರು ಕಲ್ಲಿನ ಸಾಲುಗಳನ್ನು ಪ್ರತ್ಯೇಕವಾಗಿ ಬರೆ, ಅಲ್ಲಿ ಸಂದು ಹೆಚ್ಚು ಸವೆದಿದೆ.

ಇಂತಿ,
ನಿನ್ನ ಅಪ್ಪ