ಆಶ್ರಮದಲ್ಲಿರುವ ಹಿರಿಯರ ಮಾತ್ರೆ ಚೀಟಿ ನೋಡಿ

ಎಲ್ಲರಿಗೂ ನಮಸ್ಕಾರ. ಅಪ್ಪ, ಅಮ್ಮ ಅಥವಾ ಬೇರೆ ಹಿರಿಯರನ್ನು ವೃದ್ಧಾಶ್ರಮದಲ್ಲಿ ಬಿಟ್ಟಿರುವವರು ದಯವಿಟ್ಟು ಓದಿ.

ಮುಂದಿನ ಸಲ ಹೋದಾಗ ಮಾತ್ರೆ ಚೀಟಿ ಕೇಳಿ ನೋಡಿ. ಕ್ವೆಟಿಯಾಪಿನ್, ರಿಸ್ಪೆರಿಡೋನ್, ಒಲಾಂಜಪಿನ್, ಹ್ಯಾಲೊಪೆರಿಡಾಲ್ (ಇವು ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಮಾತ್ರೆಗಳು) ಇದ್ದರೆ ಯಾಕೆ ಶುರು ಮಾಡಿದ್ದು, ಎಷ್ಟು ದಿನಕ್ಕೆ ಅಂತ ವೈದ್ಯರನ್ನೇ ಕೇಳಿ. ಮರೆವಿನ ಕಾಯಿಲೆಯ ಹಿರಿಯರಲ್ಲಿ ಇಂಥ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿತ್ತು. 2008ರಲ್ಲಿ ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಗಳಿಗೂ ಅದೇ ಎಚ್ಚರಿಕೆ ಬಂತು. ಹಾಗಂತ ಕೊಡಲೇಬಾರದು ಅಂತಲ್ಲ. ಇಲ್ಲದ್ದನ್ನು ಕಂಡು ವಿಪರೀತ ಹೆದರುತ್ತಿದ್ದರೆ, ಹೊಡೆಯಲು ಹೋಗುತ್ತಿದ್ದರೆ ಬೇಕಾಗಬಹುದು. ಆದರೆ ರಾತ್ರಿ ಓಡಾಡುತ್ತಾರೆ, ಕೇಳಿದ್ದನ್ನೇ ಕೇಳುತ್ತಾರೆ ಅನ್ನುವುದಕ್ಕೆಲ್ಲ ಮಾತ್ರೆಯೇ? ಅದು ನೋಡಿಕೊಳ್ಳುವವರ ಅನುಕೂಲಕ್ಕೆ, ಅಲ್ವಾ?

ಸುಮ್ನೆ ಇದ್ದವರು ದಿಢೀರನೆ ಕೂಗಾಡಿದರೆ ಮೊದಲು ಮೂತ್ರದ ಸೋಂಕು, ಮಲಬದ್ಧತೆ, ಹಲ್ಲುನೋವು ಇದೆಯಾ ಪರೀಕ್ಷಿಸಲು ಹೇಳಿ. ಕಿವಿ ಮಷೀನಿನ ಬ್ಯಾಟರಿ ಮುಗಿದು ಏನೂ ಕೇಳಿಸದಿದ್ದರೂ ಗಾಬರಿಯಾಗುತ್ತದೆ.

ಊಟದ ಹೊತ್ತಿಗೆ ಹೋಗುವುದು ಒಳ್ಳೆಯದು. ತುತ್ತು ಬಾಯಲ್ಲೇ ಇಟ್ಟುಕೊಂಡು ತೂಕಡಿಸುತ್ತಿದ್ದಾರಾ, ಕಾಲೆಳೆದು ನಡೆಯುತ್ತಿದ್ದಾರಾ, ಕೈ ನಡುಗುತ್ತಿದೆಯಾ ಗಮನಿಸಿ. ಇವೆಲ್ಲ ವಯಸ್ಸಿನಿಂದಲೇ ಅಂದುಕೊಳ್ಳಬೇಡಿ, ಔಷಧ ಜಾಸ್ತಿಯಾಗಿರಬಹುದು. ಲೊರಾಜೆಪಾಮ್, ಕ್ಲೊನಾಜೆಪಾಮ್‌ನಂಥ ಆತಂಕ, ನಿದ್ದೆಯ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ಮೂಳೆ ಮುರಿದುಕೊಳ್ಳುವ ಭಯ ಬೇರೆ.

ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ದಿಢೀರ್ ಬಿಟ್ಟರೆ ತೊಂದರೆ, ಕೆಲವಕ್ಕೆ ಫಿಟ್ಸ್ ಕೂಡ ಬರಬಹುದು. ವೈದ್ಯರೇ ನಿಧಾನವಾಗಿ ಇಳಿಸಬೇಕು.

ಗುಂಪಿನಲ್ಲಿ ಕೇಳುವುದಿದ್ದರೆ ಚೀಟಿಯ ಫೋಟೋ ಹಾಕಬೇಡಿ, ಹೆಸರು ಕಾಣುತ್ತದೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ ಅಂತ ಬರೆದರೆ ಸಾಕು.